ಶೇಕಡಾ ತೊಂಬತ್ತೇಳು

ಕಾಂದಿವಲಿ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತ ಶಿವಕುಮಾರಿ ಡೈರಿಯಲ್ಲಿ ಬರೆದಳು: 'ಸಂದೀಪನ ಪ್ರೋಗ್ರಾಮಿಗೆ ನನ್ನ ಮುಖ ತೋರಿಸಿದೆ. ಮೂರು ಸಲವೂ ನಕಲಿ ಅಂದಿತು. ಹೆದರಿದವರು ಕಣ್ಣು ಮಿಟುಕಿಸುವುದಿಲ್ಲ, ಅದಕ್ಕೇ ಅದರ ಲೆಕ್ಕದಲ್ಲಿ ಅವರೆಲ್ಲ ನಕಲಿ! ಅವನಿಗೆ ಹೇಳಬೇಕು. ಆದರೆ ಅವನೆದುರು ನನ್ನ ಬಾಯಿ ಬೀಗ ಜಡಿದ ಅಂಗಡಿ.'

ಪರೇಲಿನ ಕನ್ನಡ ಸಂಘದಲ್ಲಿ ಅಂದು ಕೋಡಿಂಗ್ ಸ್ಪರ್ಧೆ. ತಂಡದವರೊಬ್ಬರ ಒಪ್ಪಿಗೆ ಪಡೆದು ಅವರದೇ ಡೀಪ್‌ಫೇಕ್, ಅಂದರೆ ಕಂಪ್ಯೂಟರ್ ಸೃಷ್ಟಿಸಿದ ನಕಲಿ ವಿಡಿಯೊ ಮಾಡಬೇಕು. ಅದನ್ನು ಹಿಡಿಯುವ ಪ್ರೋಗ್ರಾಮನ್ನು ಮೊದಲೇ ಬರೆದು ತಂದಿರಬೇಕು.

"ಮುಖ ಶಿವಕುಮಾರಿದೇ ಆಗ್ಲಿ. ಗೋಡೆಯ ಫೋಟೋದ ಹಾಗೆ ಅಲ್ಲಾಡುದೇ ಇಲ್ಲ ಅವಳು," ಎಂದ ಸಂದೀಪ.

"ಸಂದೀಪ, ನಾ ಒಂದ್ ಮಾತು..."

"ಮೊದ್ಲು ಒಪ್ಪಿಗೆ ಪತ್ರಕ್ಕೆ ಸೈನ್ ಹಾಕು ಮಾರಾಯ್ತಿ!"

ಹಾಕಿದಳು. ತಂಡದ ಮೂರನೆಯವಳಾದ ನಿಶಾ ಫೋನ್ ಕೊಟ್ಟಳು. "ಐದು ಮಿನಿಟ್ ಕುಛ್ ಭೀ, ಏನಾದ್ರೂ ಓದು ಯಾರ್. ಫೇಸ್, ವಾಯ್ಸ್ ಎರಡೂ ಬೇಕು."

ಜನರೆದುರು ಓದುವುದೇ? ಶಿವಕುಮಾರಿ ಮೆಟ್ಟಿಲ ಮೂಲೆಗೆ ಓಡಿದಳು. ಚೀಲದಲ್ಲಿ ಊಟದ ಡಬ್ಬಿ ಬಿಟ್ಟರೆ ಇದ್ದದ್ದು ಡೈರಿ ಮಾತ್ರ. ಕಂಪ್ಯೂಟರಿಗೆ ಬೇಕಾದ್ದು ದನಿ, ಮಾತಿನ ಅರ್ಥ ಯಾರಿಗೆ ಬೇಕು ಎಂದು ಸಮಾಧಾನ ಮಾಡಿಕೊಂಡು, ಕಣ್ಣು ಮಿಟುಕಿಸದೆ ಅದನ್ನೇ ಓದಿದಳು.

ಮಧ್ಯಾಹ್ನ ಚಹಾ ಹಂಚುತ್ತಿದ್ದ ರುಕ್ಮಿಣಿಬಾಯಿ ಬಳಿ ಬಂದರು. "ನಿನ್ನ ಮಾರಿ ಕಂಪ್ಯೂಟರ್‌ನ್ಯಾಗ ಹಾಕ್ಯಾರಂತಲ್ಲವ್ವಾ, ಹೊರಗ ತಗೀಲಿಕ್ಕೆ ಬರ್ತೈತೋ ಇಲ್ಲೋ? ನಾಳೆ ಅದು ಯಾರ ಕೂಡ ಏನ್ ಮಾತಾಡ್ತೈತೋ!" ಶಿವಕುಮಾರಿ ಚಹಾದ ಲೋಟ ಕೆಳಗಿಟ್ಟು ಡೈರಿಯನ್ನು ಚೀಲದ ತಳಕ್ಕೆ ತುರುಕಿದಳು.

ಸಂಜೆ ಹೊತ್ತಿಗೆ ನಿಶಾ ನಕಲಿ ವಿಡಿಯೊ ಸಿದ್ಧಮಾಡಿಟ್ಟು ಟ್ಯೂಷನ್ ಹೇಳಲು ಹೋಗಿಬಿಟ್ಟಿದ್ದಳು. ವೇದಿಕೆಯಲ್ಲಿ ಸಂದೀಪ ಮೊದಲು ಕ್ಯಾಮೆರಾವನ್ನು ಸಂಘದ ಅಧ್ಯಕ್ಷರತ್ತ ತಿರುಗಿಸಿದ. ಫೋರ್ಟ್‌ನಲ್ಲಿ ಹೋಟೆಲ್ ನಡೆಸುವ ಅಧ್ಯಕ್ಷ ದೂಜಣ್ಣ ಮೀಸೆ ತೀಡಿಕೊಂಡು ಕೂತರು. 'ಅಸಲಿ, ಶೇಕಡಾ ನೂರು' ಎಂದಿತು ಪರದೆ. ಆ ಕ್ಷಣದಿಂದ ಅವರಿಗೆ ಯಂತ್ರದ ಮೇಲೆ ಮಗನ ಮೇಲಿರುವಂಥ ಪ್ರೀತಿ.

ಆಮೇಲೆ ಸಂದೀಪ ವಿಡಿಯೊ ಒತ್ತಿದ. ಕೈತಪ್ಪಿ ಒತ್ತಿದ್ದು ನಕಲಿಯನ್ನಲ್ಲ, ಪಕ್ಕದಲ್ಲಿದ್ದ ಮೂಲ ವಿಡಿಯೊವನ್ನು.

ಮೆಟ್ಟಿಲ ಮೂಲೆಯ ಶಿವಕುಮಾರಿ ಗೋಡೆಯಷ್ಟು ದೊಡ್ಡದಾಗಿ ನಿಂತು, ಸಂದೀಪನ ತಪ್ಪನ್ನೂ ಬೀಗ ಜಡಿದ ಅಂಗಡಿಯನ್ನೂ ಇನ್ನೂರು ಜನಕ್ಕೆ ಓದಿ ಹೇಳಿದಳು. ಕೆಳಗಿದ್ದ ಶಿವಕುಮಾರಿ ಮುಂದಿನ ಕುರ್ಚಿಯ ಬೆನ್ನಿಗೆ ಮರೆಯಾದಳು.

ಪರದೆ ಕೆಂಪಾಯಿತು: 'ನಕಲಿ, ಶೇಕಡಾ ತೊಂಬತ್ತೇಳು.'

"ಈ ನಿಶಾ ನಕಲಿಯ ಬಾಯಲ್ಲಿ ನನ್ನನ್ನೇ ತಮಾಷೆ ಮಾಡಿಸಿದ್ದಾಳೆ ಮಾರಾಯ್ರೆ!" ಎಂದು ಸಂದೀಪ ನಕ್ಕ. ಸಭೆಯೂ ನಕ್ಕಿತು.

"ನಮಗೆ ನಿಜ ಅಂತಲೇ ಕಂಡದ್ದು! ಯಂತ್ರ ಹಿಡಿಯಿತು ನೋಡಿ!" ದೂಜಣ್ಣ ನಕಲಿಗೆ ಮುಖ ಕೊಟ್ಟ ಶಿವಕುಮಾರಿಯನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತರು. "ಬರುವ ವಾರದಿಂದ ಕಷ್ಟದಲ್ಲಿರುವವರು ನಮ್ಮ ಸಂಘದ ಸಹಾಯವಾಣಿಗೆ ಕಳಿಸುವ ವಿಡಿಯೊ ಎಲ್ಲ ಇದರಲ್ಲೇ ಪರೀಕ್ಷೆ. ನಕಲಿ ಅಂದ್ರೆ ಸೀದಾ ಕಸಕ್ಕೆ!"

ಶಿವಕುಮಾರಿಗೆ ಅಪ್ಪನ ನೆನಪಾಯಿತು. ಕಳೆದ ವರ್ಷ ಗುತ್ತಿಗೆದಾರ ಹೊಡೆದಾಗ ಅಪ್ಪ ಭೀಮರಾಯ ಆ ಸಹಾಯವಾಣಿಗೇ ವಿಡಿಯೊ ಕಳಿಸಿದ್ದ. ಒಂದು ಸಲವೂ ಕಣ್ಣು ಮಿಟುಕಿಸಿರಲಿಲ್ಲ. ಹೆದರದವರು ಅಲ್ಲಿಗೆ ಯಾಕೆ ಕಳಿಸುತ್ತಾರೆ?

ಸುಮ್ಮನಿದ್ದರೆ ಡೈರಿಯ ಗುಟ್ಟನ್ನು ನಕಲಿಯ ತಲೆಗೆ ಕಟ್ಟಿದಂತಾಗುತ್ತಿತ್ತು. ಶಾಲೂ ಉಳಿಯುತ್ತಿತ್ತು. ಅವಳು ಬುಟ್ಟಿ ಕೆಳಗಿಟ್ಟು ಮೈಕ್ ಹಿಡಿದಳು.

"ಅದು ನಕಲಿ ಅಲ್ರೀ. ಖರೇನ ನಾನು. ನಿಮ್ಮ ಯಂತ್ರ ಅಂಜಿದವ್ರನ್ನ ಸುಳ್ಳು ಅಂತೈತ್ರಿ."

ಆರಿಸಲು ಮರೆತಿದ್ದ ಕ್ಯಾಮೆರಾ ಅವಳನ್ನೇ ನೋಡುತ್ತಿತ್ತು. ಪರದೆ ಮತ್ತೆ ಕೆಂಪಾಯಿತು: 'ನಕಲಿ, ಶೇಕಡಾ ತೊಂಬತ್ತೊಂಬತ್ತು.'

ದೂಜಣ್ಣ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಪರದೆಯನ್ನು. ನಂಬಿದ್ದು ಪರದೆಯನ್ನು.