ತಾತನ ಕಿರೀಟದೊಳಗಿನ ಮಂತ್ರ

ಮನೆಗೆ ಬಂದವರಿಗೆ ಕಾಫಿ ಕೊಡುವ ಮೊದಲೇ ವಂಶದ ಹಿರಿಮೆ ಬಡಿಸುವ ಚಟ ಕೆಲವರಿಗಿರುತ್ತದೆ. ಒಪ್ಪಿಕೊಂಡುಬಿಡುತ್ತೇನೆ, ನಾನೂ ಆ ಪೈಕಿಯವನೇ. ಸ್ವಂತದ್ದು ಅಂತ ಹೇಳಿಕೊಳ್ಳಲು ಏನೂ ಇಲ್ಲದವನಿಗೆ ಕೊನೇಪಕ್ಷ ಒಬ್ಬ ತಾತನಾದರೂ ಇರಬೇಕು. ನನ್ನ ತಾತ ಹೋಗಿ ಬಹಳ ವರ್ಷವಾಯಿತು, ಅವನ ಕಿರೀಟ ಇದೆ. ತುಮಕೂರಿನ ನಮ್ಮ ಬಾಡಿಗೆ ಮನೆಯ ಶೋಕೇಸಿನಲ್ಲಿ, ಮಗಳು ಗೆದ್ದ ಕೇರಂ ಕಪ್ಪಿಗೂ ಕುಕ್ಕರಿನ ಗ್ಯಾರಂಟಿ ಕಾರ್ಡಿಗೂ ನಡುವೆ ಅದು ವಿರಾಜಮಾನವಾಗಿದೆ.

ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ತಾತ ಅದನ್ನು ತನ್ನ ಕೈಯಾರೆ ಮಾಡಿದ್ದು. ಹಳೇ ಪೇಪರು ನೆನೆಸಿ, ಹುಣಸೆಬೀಜದ ಅಂಟಿನ ಜೊತೆ ಅರೆದು, ಬೋರಲು ಹಾಕಿದ ಮಡಕೆಯ ಮೇಲೆ ಮೆತ್ತಿ ಒಣಗಿಸಿ, ಮೇಲೆ ಚಿನ್ನದ ಬಣ್ಣದ ಕಾಗದ, ಕನ್ನಡಿ ಚೂರು ಅಂಟಿಸಿದ್ದ. ಕೆಂಪಗೆ ಹೊಳೆಯುವುದೆಲ್ಲ ಅಜ್ಜಿಯ ಒಡೆದ ಬಳೆ. ನಾನು ಮಾತ್ರ ಅದನ್ನು "ಆಗಿನ ಕಾಲದ ಹರಳು" ಎನ್ನುತ್ತಿದ್ದೆ. ತಾತ ಪೌರಾಣಿಕ ನಾಟಕಗಳಲ್ಲಿ ರಾಜನ ಪಾರ್ಟು ಮಾಡುತ್ತಿದ್ದನೆಂದೂ ಹೇಳುತ್ತಿದ್ದೆ. ಮೊದಮೊದಲು ಒಂದು ನಾಟಕ, ಆಮೇಲೆ ಹತ್ತು. ಹೋದ ವರ್ಷದ ಹೊತ್ತಿಗೆ ತಾತನ ಅಬ್ಬರಕ್ಕೆ ಯಡಿಯೂರಿನಲ್ಲಿ ತೊಟ್ಟಿಲ ಕೂಸುಗಳು ಎದ್ದು ಅಳುತ್ತಿದ್ದವು. "ಗುಬ್ಬೀಲಿ ಕೂಗಿದ್ರೆ ಯಡಿಯೂರಿಗೆ ಹೆಂಗ್ರೀ ಕೇಳ್ಸುತ್ತೆ?" ಎಂದು ಹೆಂಡತಿ ಗಿರಿಜ ಒಮ್ಮೆ ಕೇಳಿದಳು. ಕಲೆಯ ವಿಷಯ ಇವಳಿಗೇನು ತಿಳಿಯಬೇಕು ಎಂದುಕೊಂಡೆ.

ಕಿರೀಟದ ಒಳಗೆ ಎರಡು ಸಾಲು ಬರಹವೂ ಇದೆ. ತಲೆಯೆಣ್ಣೆ ಕುಡಿದು ಅಕ್ಷರಗಳು ಕಲಸಿಹೋಗಿವೆ. ಬಣ್ಣ ಹಚ್ಚುವ ಮೊದಲು ಜಪಿಸುವ ಮಂತ್ರವಿರಬೇಕೆಂದು ನಾನೇ ತೀರ್ಮಾನಿಸಿದ್ದೆ. ಮಂತ್ರ ಎಂದಮೇಲೆ ಓದುವ ಗೋಜಿಲ್ಲ, ಊದುಬತ್ತಿ ಹಚ್ಚಿದರೆ ಸಾಕು.

ನಾನು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ನಮ್ಮ ಮ್ಯಾನೇಜರು ಒಂದು ಭಾನುವಾರ ಮನೆಗೆ ಬಂದು ಈ ಪುರಾಣವನ್ನೆಲ್ಲ ಕೇಳಿ ರೋಮಾಂಚನಗೊಂಡರು. "ನಿಮ್ ರಕ್ತದಲ್ಲೇ ಇದೆ ಕಣ್ರೀ! ರಾಜ್ಯೋತ್ಸವದ ನಾಟಕಕ್ಕೆ ರಾಜನ ಪಾರ್ಟು ನಿಮ್ದೇ" ಎಂದರು. ನನ್ನ ರಕ್ತದಲ್ಲಿರುವುದು ಸಕ್ಕರೆ ಎಂದು ಹೇಳಲು ಬಾಯಿ ಬರಲಿಲ್ಲ.

ನಾಟಕಕ್ಕೆ ಇನ್ನೆರಡು ದಿನ ಇದೆ ಎನ್ನುವಾಗ ಕುಣಿಗಲ್‌ನಿಂದ ನನ್ನ ಸೋದರತ್ತೆ ಬಂದಳು. ನಮ್ಮಪ್ಪನ ಅಕ್ಕ. ನಾನು ಕಿರೀಟಕ್ಕೆ ಊದುಬತ್ತಿ ಬೆಳಗುತ್ತಿದ್ದುದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏನ್ಲಾ ಶಿವು, ಅದುಕ್ಯಾಕ್ಲಾ ಪೂಜೆ?"

"ಒಳಗೆ ಮಂತ್ರ ಇದೆಯಲ್ಲ ಅತ್ತೆ."

"ಯಾವ ಮಂತ್ರಾನೋ? ಅದು ನನ್ನ ಅಕ್ಷರ ಕಣೋ! ಮೂರ್ನೇ ಕ್ಲಾಸಲ್ಲಿದ್ದೆ, ನನ್ನಕ್ಷರ ದುಂಡಗೈತೆ ಅಂತ ನಮ್ಮಪ್ಪ ಕೂರಿಸ್ಕಂಡು ಬರೆಸ್ದ. 'ಎಡಗಡೆಯಿಂದ ಬಾ. ಗದೆ ಮರೀಬೇಡ.' ಅಷ್ಟೇಯ."

ಆಮೇಲೆ ಕಾಲು ಚಾಚಿ ಕೂತು ಇಡೀ ಕಥೆ ಹೇಳಿದಳು. ಸುತ್ತಲ ಹಳ್ಳಿಯ ನಾಟಕದ ರಾಜರಿಗೆಲ್ಲ ತಾತನದೇ ಕಿರೀಟವಂತೆ. ಕೈಯಲ್ಲಿ ಕಲೆ ಇತ್ತು, ರಂಗದ ಮೇಲೆ ಮಾತ್ರ ತಲೆ ಖಾಲಿ. ಜೀವಮಾನದಲ್ಲಿ ಸಿಕ್ಕಿದ್ದು ಒಂದೇ ಪಾರ್ಟು. ಪ್ರಾಕ್ಟೀಸಿನಲ್ಲಿ ದಿನಾ ಶತ್ರುವಿನ ಕಡೆಯಿಂದಲೇ ಬರುವುದು, ಗದೆ ಮರೆಯುವುದು. ಅದಕ್ಕೇ ಈ ಬರಹ. "ಬರ್ಸೋದೇನೋ ಬರ್ಸ್ದ. ತಲೆ ಮ್ಯಾಲೆ ಇಟ್ಕಂಡ್ಮೇಲೆ ಓದೋದೆಂಗೆ ಅಂತ ಯೋಚ್ನೆ ಮಾಡ್ಲಿಲ್ಲ. ಬರಿಗೈಲಿ ಬಲಗಡೆಯಿಂದ್ಲೇ ಬಂದ. ಕೊನೆಗೆ ಶತ್ರು ಪಾರ್ಟಿನೋನೇ ತನ್ನ ಗದೆ ಕೊಟ್ಟು ಮಾನ ಉಳಿಸ್ದ!"

ಅಡುಗೆಮನೆಯಲ್ಲಿ ಗಿರಿಜ ನಕ್ಕ ನಗುವಿಗೆ ಒಗ್ಗರಣೆ ಸೀದುಹೋಯಿತು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಊದಿದ ತುತ್ತೂರಿ ಫ್ಯಾಕ್ಟರಿಯ ಮುಂದೆ ಒಡೆದುಹೋದರೆ ಮುಖವನ್ನು ಎಲ್ಲಿಟ್ಟುಕೊಳ್ಳಲಿ? ಯಾರಿಗೂ ಹೇಳಬೇಡವೆಂದು ಅತ್ತೆಯ ಕೈ ಹಿಡಿದು ಬೇಡಿಕೊಂಡೆ. "ಬುಡು, ನಾನ್ಯಾಕೇಳ್ಲಿ? ಆದ್ರೆ ನಾಟ್ಕ ನೋಡಾಕೆ ಬತ್ತೀನಿ" ಎಂದಳು.

ನನ್ನ ಪಾರ್ಟೂ ಎಡಗಡೆಯಿಂದ ಗದೆ ಹಿಡಿದು ಬರುವುದೇ ಆಗಿತ್ತು. ಎರಡು ದಿನ ಊಟ ಮಾಡುವಾಗಲೂ ಎಡಗಡೆ, ಗದೆ, ಎಡಗಡೆ, ಗದೆ ಎಂದು ಜಪಿಸಿದೆ. ಈಗ ಅದು ನಿಜವಾಗಿ ಮಂತ್ರವೇ ಆಗಿತ್ತು. ನಾಟಕದ ದಿನ ಮಧ್ಯಾಹ್ನ ಸೆಖೆಯೋ ಸೆಖೆ. ಬಣ್ಣ ಇಳಿಯಬಾರದೆಂದು ಪರದೆಯ ಹಿಂದೆ ಫ್ಯಾನಿರುವ ಕಡೆ ಹೋಗಿ ನಿಂತಿದ್ದೆ. ಹಾರ್ಮೋನಿಯಂ ಶುರುವಾಯಿತು, ಯಾರೋ ಬೆನ್ನಿಗೆ ತಳ್ಳಿದರು, ನುಗ್ಗಿದೆ. ಶತ್ರುವಿನ ಪಾರ್ಟು ಮಾಡುತ್ತಿದ್ದ ಕ್ಯಾಂಟೀನಿನ ಮಂಜಣ್ಣ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ನನಗೆ ಒಂದು ಮಾತೂ ನೆನಪಿಗೆ ಬರಲಿಲ್ಲ. ಸಭೆಗೆ ವಂದಿಸುವವನ ಹಾಗೆ ಕಿರೀಟ ತೆಗೆದು ಒಳಗೆ ನೋಡಿದೆ. ಇಷ್ಟು ದಿನ ಕಲಸಿಹೋಗಿದ್ದ ಅಕ್ಷರಗಳು ಆಗ ಸ್ಪಷ್ಟವಾಗಿ ಕಂಡವು. ಎಡಗಡೆಯಿಂದ ಬಾ. ಗದೆ ಮರೀಬೇಡ. ನಾನು ಬಂದಿದ್ದು ಬಲಗಡೆಯಿಂದ, ಗದೆ ಫ್ಯಾನಿನ ಪಕ್ಕದಲ್ಲಿತ್ತು.

ಮುಂದಿನ ಸಾಲಿನಿಂದ ಅತ್ತೆಯ ದನಿ ಕೇಳಿತು: "ಅಯ್ಯೋ, ಥೇಟ್ ನಮ್ಮಪ್ಪನೇ ಕಣೇ ಗಿರಿಜ!" ನೋಡಿದರೆ ಅವಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಂಜಣ್ಣ ತನ್ನ ಗದೆಯನ್ನು ನನ್ನ ಕೈಗಿಟ್ಟ. ತಾತನ ಮೇಲೆ ನನಗೆ ಅಷ್ಟೊಂದು ಪ್ರೀತಿ ಅದುವರೆಗೆ ಬಂದಿರಲಿಲ್ಲ.

ಈಗ ಮನೆಗೆ ಬಂದವರಿಗೆ ಬಳೆಚೂರನ್ನು ಬಳೆಚೂರು ಎಂದೇ ಹೇಳುತ್ತೇನೆ. ಯಡಿಯೂರಿನ ಕೂಸುಗಳು ನೆಮ್ಮದಿಯಾಗಿ ಮಲಗಿವೆ. ನನಗೆ ಇನ್ನು ಯಾರೂ ಪಾರ್ಟು ಕೊಡುವುದಿಲ್ಲ, ಆದರೆ ಮಗಳು ಕಾಲೇಜಿನ ನಾಟಕಕ್ಕೆ ಹೆಸರು ಕೊಟ್ಟಿದ್ದಾಳೆ. ವಂಶದ ಮೇಲೆ ನಂಬಿಕೆಯಿಲ್ಲದ ನಾನು ಅವಳ ಕೈಯಿಂದಲೇ ಕಿರೀಟದೊಳಗೆ ಮೂರನೆಯ ಸಾಲು ಬರೆಸಿದೆ: "ಮೊದಲು ಇದನ್ನು ಓದು, ಆಮೇಲೆ ತಲೆ ಮೇಲೆ ಇಟ್ಟುಕೋ." ಅತ್ತೆಯ ಅಕ್ಷರದಷ್ಟೇ ದುಂಡಗೆ ಬರೆದಿದ್ದಾಳೆ. ಬರೆದು ಮುಗಿಸಿದ ಮೇಲೆ ನೋಡಿದರೆ ಆ ಸಾಲು ಮಾತ್ರ ತಲೆಕೆಳಗಾಗಿದೆ. ಬರೆಯುವಾಗ ಕಿರೀಟ ಹಿಡಿದುಕೊಂಡಿದ್ದವನು ನಾನು.