ಅತ್ತಿಗೆಯ ಪಾಲಿನ ಡಿವಿಡಿ

ಮಗಳ ಮದುವೆಯ ವಿಡಿಯೋವನ್ನು ಡಿವಿಡಿ ಮಾಡಿಸಲು ಅಂಗಡಿಯವನ ಬಾಗಿಲಿಗೆ ಹೋಗುವುದೆಂದರೆ ಮೀಸೆ ಬೋಳಿಸಿಕೊಂಡಂತೆಯೇ ಸರಿ ಎಂದು ಗಿಲ್ಬೆರ್ಟೊ ಫುರ್ಟಾಡೊ ಊಟದ ಮೇಜಿನ ಮುಂದೆ ಸಾರಿದ. ಅಮೆರಿಕದ ಫಾಲ್ ರಿವರ್ ಊರಿನ ಅರ್ಧ ಮನೆಗಳು ಚಳಿಗಾಲದಲ್ಲಿ ಬೆಚ್ಚಗಿರುವುದು ಅವನ ಕೈಗುಣದಿಂದ. ಹಠಮಾರಿ ಬಾಯ್ಲರುಗಳ ಕಿವಿ ಹಿಂಡಿದ ಆ ಕೈಗೆ ಅಂಗೈಯಗಲದ ಒಂದು ಬಿಲ್ಲೆ ಯಾವ ಲೆಕ್ಕ?

"ಬಾಯ್ಲರ್ ಕೆಟ್ರೆ ಕಂಬಳಿ ಹೊದ್ಕೋಬಹುದು. ಇದು ಕೆಟ್ರೆ ನಮ್ಮಕ್ಕನಿಗೆ ಮದುವೆ ನೋಡೋ ಭಾಗ್ಯವೇ ಇಲ್ಲ," ಎಂದಳು ಹೆಂಡತಿ ನತಾಲಿಯಾ.

ಅಕ್ಕ ಎಂದರೆ ದಿಯೊಲಿಂದಾ. ತಾಯಿ ತೀರಿಕೊಂಡ ಮೇಲೆ ನತಾಲಿಯಾಳನ್ನು ಸಾಕಿ ಬೆಳೆಸಿದವಳು, ಮದುಮಗಳು ಮೆಲನಿಗೆ ಧರ್ಮತಾಯಿಯಾಗಿ ನಿಂತವಳು. ಕಡಲಿನ ಆಚೆ, ತಾವು ಹುಟ್ಟಿ ಬೆಳೆದ ಸಾವೊ ಮಿಗೆಲ್ ದ್ವೀಪದಲ್ಲಿ ಅವಳ ವಾಸ. ವಿಮಾನವೆಂದರೆ ಅವಳಿಗೆ ಎದೆನಡುಕ. ಹಾಗಾಗಿ ತಾನು ಬಾರದೆ, ವರ್ಷವಿಡೀ ಕೂತು ತನ್ನ ಕೈಯಾರೆ ಹೆಣೆದ ದೊಡ್ಡದೊಂದು ಮಂಚದ ಹೊದಿಕೆಯನ್ನು ಕಳಿಸಿದ್ದಳು.

ತಾಪತ್ರಯ ಶುರುವಾದದ್ದೇ ಆ ಹೊದಿಕೆಯಿಂದ. ಉಡುಗೊರೆಗಳನ್ನು ನಡುಮನೆಯಲ್ಲಿ ಹರಡಿಟ್ಟಿದ್ದಾಗ ಗಿಲ್ಬೆರ್ಟೊ ತನ್ನ ಹೊಸ ಎಚ್‌ಡಿ ಕ್ಯಾಮೆರಾ ಹಿಡಿದು ಒಂದೊಂದನ್ನೇ ಚಿತ್ರಿಸುತ್ತ ಹೋದ. ಚಿತ್ರಿಸುವುದು ಕಣ್ಣಿನ ಕೆಲಸ, ಬಾಯಿ ತೆಪ್ಪಗಿರಬೇಕಲ್ಲ? ಹೊದಿಕೆ ಬಂದ ಕೂಡಲೇ ವಿವರಣೆಯೂ ಹೊರಟಿತು: "ಇದು ಹೊದಿಕೆನೋ, ಮೀನಿನ ಬಲೆನೋ, ದೇವರಿಗೇ ಗೊತ್ತು. ಕಳಿಸಿದೋರು ನಮ್ಮ ಅತ್ತಿಗೆ. ವಿಮಾನ ಕಂಡ್ರೆ ಅವರಿಗೆ ಭಯವಂತೆ. ಅವರನ್ನ ಕಂಡ್ರೆ ವಿಮಾನಕ್ಕೆ ಎಷ್ಟು ಭಯವೋ, ಪಾಪ."

ಆ ಭಾಗವನ್ನು ಕತ್ತರಿಸಿ ಬಿಸಾಡಬೇಕೆಂದು ನತಾಲಿಯಾ ಆಜ್ಞೆ ಹೊರಡಿಸಿದಳು. ಇಡೀ ಮದುವೆಯಲ್ಲಿ ರಸವತ್ತಾದ ಜಾಗವೇ ಅದು ಎಂದು ಗಿಲ್ಬೆರ್ಟೊ ಗೋಗರೆದ. ಕೊನೆಗೆ ಸಂಧಾನವಾಯಿತು. ಮನೆಗೆ ರಸವತ್ತಾದ ಪೂರ್ತಿ ಡಿವಿಡಿ, ಅಕ್ಕನಿಗೆ ಕತ್ತರಿ ಆಡಿಸಿದ ಸಪ್ಪೆ ಡಿವಿಡಿ.

ಕಂಪ್ಯೂಟರ್ ಮೊದಲು ಕೇಳಿದ ಪ್ರಶ್ನೆಯೇ ಅವನ ಪಾಂಡಿತ್ಯಕ್ಕೆ ಆಹ್ವಾನ ಕೊಟ್ಟಿತು: ಪಾಲ್ ಬೇಕೋ, ಎನ್‌ಟಿಎಸ್‌ಸಿ ಬೇಕೋ? ಎಲ್ಲೆಲ್ಲೋ ಓದಿಕೊಂಡಿದ್ದ ಗಿಲ್ಬೆರ್ಟೊ, ಪಾದ್ರಿಗಳು ಪೀಠ ಹತ್ತಿದಂತೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಹೆಂಡತಿಗೆ ಪ್ರವಚನ ಕೊಟ್ಟ. ಆನೆಯಂಥ ಎಚ್‌ಡಿ ಚಿತ್ರವನ್ನು ಕುಗ್ಗಿಸಿ ಡಿವಿಡಿಯೊಳಗೆ ಕೂರಿಸಬೇಕು, ಆದರೆ ಕೂರಿಸುವ ಪದ್ಧತಿ ದೇಶಕ್ಕೊಂದು. ಅಮೆರಿಕದಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರ, ಅದು ಎನ್‌ಟಿಎಸ್‌ಸಿ. ದ್ವೀಪದ ಕಡೆ ಇಪ್ಪತ್ತೈದೇ ಚಿತ್ರ, ಆದರೆ ಗೆರೆಗಳು ಜಾಸ್ತಿ, ಅದು ಪಾಲ್. ನಮ್ಮದು ಅಲ್ಲಿ ಓಡುವುದಿಲ್ಲ, ಅವರದು ಇಲ್ಲಿ ಓಡುವುದಿಲ್ಲ, ಎರಡೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಪೈಕಿ ಅಲ್ಲವೇ ಅಲ್ಲ. ಆದ್ದರಿಂದ ಅತ್ತಿಗೆಯ ಪಾಲಿಗೆ ಪಾಲ್, ನಮ್ಮ ಪಾಲಿಗೆ ಎನ್‌ಟಿಎಸ್‌ಸಿ.

"ಗೊತ್ತಾಯ್ತಲ್ಲ ಮಾರಾಯ, ಒತ್ತು," ಎಂದು ನತಾಲಿಯಾ ಆಕಳಿಸಿದಳು.

ಕಂಪ್ಯೂಟರ್ ಏದುಸಿರು ಬಿಟ್ಟು ಬಿಟ್ಟು ಎರಡೂ ಡಿವಿಡಿಗಳನ್ನು ಹೆತ್ತಿತು. ಮನೆಯದನ್ನು ಬಂದವರೆಲ್ಲ ನೋಡುತ್ತಾರಲ್ಲ, ಅದಕ್ಕೆ ಗಿಲ್ಬೆರ್ಟೊ ಚೆಂದದ ಡಬ್ಬಿ ತಂದ. ಮುಖಪುಟದಲ್ಲಿ ಮದುಮಗಳ ಪಕ್ಕ ತಾನು ಎದೆಯುಬ್ಬಿಸಿ ನಿಂತ ಫೋಟೋ ಅಂಟಿಸಿದ. ಅತ್ತಿಗೆಯದು ಬಿಳಿಯ ಕಾಗದದ ಲಕೋಟೆಯೊಳಗೆ ಸೇರಿತು. ಎರಡನ್ನೂ ಮೇಜಿನ ಮೇಲಿಟ್ಟು ಅವನು ಯಾರದೋ ಬಾಯ್ಲರ್ ನೋಡಲು ಹೋದ.

ಅತ್ತ ನತಾಲಿಯಾ ಅಕ್ಕನಿಗೆ ಕಳಿಸುವ ಪೆಟ್ಟಿಗೆ ತುಂಬತೊಡಗಿದಳು. ಟವೆಲು, ಕಾಫಿಪುಡಿ, ವಿಟಮಿನ್ ಮಾತ್ರೆಗಳಾದ ಮೇಲೆ ಡಿವಿಡಿಯ ಸರದಿ ಬಂತು. ಒಂದು ಫೋಟೋ ಅಂಟಿಸಿದ ಡಬ್ಬಿ, ಇನ್ನೊಂದು ಔಷಧದ ಪುಡಿ ಕಟ್ಟಿಕೊಟ್ಟಂತಿದ್ದ ಲಕೋಟೆ. ಎತ್ತಿ ಆಡಿಸಿ ಸಾಕಿದ ಅಕ್ಕನಿಗೆ ಲಕೋಟೆ ಕಳಿಸುವಷ್ಟು ಗತಿಗೆಟ್ಟವಳೇ ತಾನು? ಗಂಡ ಅಕ್ಕನಿಗೆಂದೇ ಇಷ್ಟು ಮುತುವರ್ಜಿಯಿಂದ ಡಬ್ಬಿ ಮಾಡಿದ್ದಾನೆ ಎಂದು ಹೆಮ್ಮೆಪಟ್ಟು, ಅದನ್ನೇ ಟವೆಲಿನಲ್ಲಿ ಸುತ್ತಿ ಅಂಚೆಗೆ ಹಾಕಿದಳು.

ಮುಂದೊಂದು ಭಾನುವಾರ ಬೀಗರಾದ ಕಾಫ್ಲಿನ್ ದಂಪತಿ ಊಟಕ್ಕೆ ಬಂದರು. ಸೊಪ್ಪಿನ ಸೂಪು, ಸಿಹಿ ಬ್ರೆಡ್ಡು ಮುಗಿದ ಮೇಲೆ ಗಿಲ್ಬೆರ್ಟೊ ಟೀವಿಯ ಮುಂದೆ ನಿಂತು, ಅಂಗಡಿಯವರನ್ನು ನಂಬಿ ಕೆಟ್ಟವರ ಕುರಿತು ಚಿಕ್ಕದೊಂದು ಭಾಷಣ ಮಾಡಿ, ಹೆಂಡತಿ ಕೈಗಿತ್ತ ಡಿವಿಡಿಯನ್ನು ನೋಡದೆಯೇ ಹಾಕಿದ. ಈ ಡಿಸ್ಕನ್ನು ಓಡಿಸಲಾಗದು ಎಂದಿತು ಟೀವಿ. ಅವನು ಅದನ್ನು ಅಂಗಿಗೆ ಒರೆಸಿ ಹಾಕಿದ, ಊದಿ ಹಾಕಿದ, ಪ್ಲೇಯರಿನ ತಲೆಗೆ ಒಂದು ಕೊಟ್ಟೂ ನೋಡಿದ. ತಮ್ಮ ಮನೆಯ ಬಾಯ್ಲರೂ ಒಮ್ಮೊಮ್ಮೆ ಹೀಗೇ ಮಾಡುತ್ತದೆ ಎಂದು ಬೀಗರು ಸಮಾಧಾನ ಹೇಳಿದರು. ಆಗ ಅವನ ಕಣ್ಣು ಕೈಯಲ್ಲಿದ್ದ ಬಿಳಿ ಲಕೋಟೆಯ ಮೇಲೆ ಬಿತ್ತು.

ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಡಬ್ಬಿ ಎಲ್ಲಿ ಎಂದು ಕೇಳಿದ. ಅಕ್ಕನಿಗೆ ಕಳಿಸಿದೆನಲ್ಲ ಎಂದಳು ಅವಳು. ಡಬ್ಬಿಯೊಳಗೆ ಯಾವುದಿತ್ತೆಂದು ಅವನು ತೊದಲಿದಾಗ ನತಾಲಿಯಾಳ ಮುಖ ಬಿಳಿಚಿಕೊಂಡಿತು. ಬೆರಳು ಸವೆಯುವಂತೆ ಅಕ್ಕ ಹೆಣೆದದ್ದು, ಅದನ್ನು ಮೀನಿನ ಬಲೆ ಎಂದದ್ದು ಅವಳ ಕಿವಿಗೇ ಬೀಳುವುದು!

"ಅವಳ ಮನಸ್ಸಿಗೇನಾದ್ರೂ ನೋವಾದ್ರೆ, ಗಿಲ್ಬೆರ್ಟೊ, ನೆಲಮಾಳಿಗೇಲಿ ಬಾಯ್ಲರ್ ಜೊತೆಗೇ ಸಂಸಾರ ಮಾಡ್ಕೋ."

ಗಿಲ್ಬೆರ್ಟೊ ತಲೆಯ ಮೇಲೆ ಕೈಹೊತ್ತು ಕೂತವನು ಸಟ್ಟನೆ ಎದ್ದು ಕುಣಿದಾಡಿದ. ಅತ್ತಿಗೆಗೆ ಹೋಗಿರುವುದು ಎನ್‌ಟಿಎಸ್‌ಸಿ, ಅಲ್ಲಿ ಅದು ಓಡುವುದೇ ಇಲ್ಲ! ಲೋಕವನ್ನು ಎರಡು ಪದ್ಧತಿಗಳಾಗಿ ಸೀಳಿದ ಮಹಾನುಭಾವರ ವಂಶ ತಣ್ಣಗಿರಲಿ ಎಂದು ಹರಸಿದ. ದೇವರಿಗೆ ತನ್ನ ತೋಳಿನಷ್ಟು ದಪ್ಪದ ಮೇಣದ ಬತ್ತಿಯ ಹರಕೆ ಹೊತ್ತ. ಡಿವಿಡಿ ಕೆಟ್ಟಿದೆ ಎಂದು ಹೇಳಿ ಸಪ್ಪೆಯದನ್ನು ಕಳಿಸಿದರೆ ಕಥೆ ಮುಗಿಯಿತು.

ಅಷ್ಟರಲ್ಲಿ ಫೋನು ಬಂತು. ದಿಯೊಲಿಂದಾ! ನತಾಲಿಯಾ ಇಬ್ಬರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು. ಡಿವಿಡಿ ಬಂತು, ಬೀದಿಯವರೆಲ್ಲ ತನ್ನ ಮನೆಯಲ್ಲೇ ಸೇರಿದ್ದಾರೆ, ಪಾದ್ರಿಗಳೂ ಬಂದಿದ್ದಾರೆ ಎಂದು ಅಕ್ಕ ಹೇಳತೊಡಗಿದಳು.

"ಓಡ್ತಾ ಅಕ್ಕ?" ನತಾಲಿಯಾ ಫೋನಿನತ್ತ ಬಾಗಿ ಕೇಳಿದಳು.

"ಓಡದೆ ಏನು? ಇಲ್ಲಿಯ ಡಿವಿಡಿ ಪೆಟ್ಟಿಗೆಗಳು ಏನು ಹಾಕಿದ್ರೂ ಓಡಿಸ್ತವೆ. ಮೆಲನಿ ನಡ್ಕೊಂಡು ಬಂದಾಗ ನಾನು ಅತ್ತೇಬಿಟ್ಟೆ ಕಣೆ. ಥೇಟ್ ನಮ್ಮಮ್ಮನ ನಡಿಗೆ." ಆಮೇಲೆ ಅವಳೇ ಕೇಳಿದಳು. "ಅದಿರಲಿ, ಕ್ಯಾಮೆರಾ ಹಿಂದೆ ಒದರ್ತಿದ್ದನಲ್ಲ, ಆ ಬಾಡಿಗೆ ಮನುಷ್ಯ ಯಾರು? ನನ್ನ ಬಗ್ಗೆ ಹಾಗಂದಾಗ ನಮ್ಮ ಗಿಲ್ಬೆರ್ಟೊ ಎಲ್ಲಿ ಹೋಗಿದ್ದ?"

ಗಿಲ್ಬೆರ್ಟೊ ಹೆಂಡತಿಗೆ ಕೈಮುಗಿದ. ಯಾರೋ ಸಿಕ್ಕಿದವನು ಎಂದು ನತಾಲಿಯಾ ಗೊಣಗಿದಳು. ಗಿಲ್ಬೆರ್ಟೊನನ್ನೇ ಮಾತಾಡಿಸು ಎಂದಳು ಅಕ್ಕ.

ಅವನು ಗಂಟಲು ಹಿಂಡಿ, ಮದುಮಗಳಿಗಿಂತ ಸಣ್ಣ ದನಿ ತೆಗೆದು, ಆ ಕ್ಯಾಮೆರಾದವನು ಶುದ್ಧ ಅಯೋಗ್ಯ ಎಂದ. ಇನ್ನೇನು ಎಂದು ಕೇಳಿದಳು ಅತ್ತಿಗೆ. ಕತ್ತೆ, ಬಾಯಿಗೆ ಬೀಗವಿಲ್ಲದವನು, ಕಲೆಯ ಗಂಧವಿಲ್ಲದವನು ಎಂದ. ಸಾಲದು ಎಂದಳು ಅವಳು. ಅಂಥ ಹೊದಿಕೆಯನ್ನು ಬಲೆ ಎಂದವನನ್ನು ಅದೇ ಹೊದಿಕೆಯಲ್ಲಿ ಸುತ್ತಿ ಸಮುದ್ರಕ್ಕೆ ಎಸೆಯಬೇಕು ಎಂದು ಗಿಲ್ಬೆರ್ಟೊ ಆವೇಶದಿಂದ ಮುಗಿಸಿದ. ಆಚೆ ಕಡೆಯಿಂದ ಒಂದು ಬೀದಿಯಷ್ಟು ಜನ ಬಿದ್ದು ಬಿದ್ದು ನಗುವುದು ಕೇಳಿಸಿತು. ನತಾಲಿಯಾಳೂ ಸೆರಗಿನಂತೆ ಏಪ್ರನ್ನನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ಸಾಕು ಗಿಲ್ಬೆರ್ಟೊ, ಪಾದ್ರಿಗಳಿಗೆ ನಕ್ಕು ನಕ್ಕು ಹೊಟ್ಟೆನೋವು ಬಂದಿದೆ," ಎಂದಳು ದಿಯೊಲಿಂದಾ. "ನೀನು ಬೈಕೊಂಡದ್ದನ್ನೆಲ್ಲ ಪಕ್ಕದ ಮನೆಯವರ ಕ್ಯಾಮೆರಾದಲ್ಲಿ ಹಿಡಿಸಿದೀನಿ. ಡಿವಿಡಿ ಮಾಡಿ ನಿನ್ನ ಬೀಗರಿಗೂ ಒಂದು ಕಳಿಸ್ತೀನಿ. ಕಂಪ್ಯೂಟರ್ ಏನೋ ಕೇಳುತ್ತಂತೆ. ನಿಮ್ಮ ಕಡೆ ಓಡೋದು ಯಾವುದಪ್ಪಾ, ಪಾಲಾ, ಎನ್‌ಟಿಎಸ್‌ಸಿನಾ?"

"ಎನ್‌ಟಿಎಸ್‌ಸಿ, ಅತ್ತಿಗೆ," ಎಂದ ಗಿಲ್ಬೆರ್ಟೊ, ತನ್ನದೇ ದಪ್ಪ ದನಿಯಲ್ಲಿ.