ಪಾಸ್‌ವರ್ಡಿಗೂ ಒಂದು ಒಡಪು

ಕಂಪ್ಯೂಟರಿನ ಕೀಲಿ ತೆಗೆಯುವುದು ನನ್ನ ದಂಧೆ. ಬೆಳಗಾದರೆ ಯಾರೋ ಒಬ್ಬರು ತಮ್ಮ ಕಂಪ್ಯೂಟರಿನ ಹೊರಗೇ ನಿಂತಿರುತ್ತಾರೆ. ಹಾಗಾಗಿ ನಗುವುದಕ್ಕೆ ಬರವಿಲ್ಲ.

ನಾನು ಕಲಿತದ್ದು ಏಳನೇ ಇಯತ್ತೆ. ರೇಡಿಯೋ ರಿಪೇರಿ ಮಾಡುತ್ತಾ ಇದಕ್ಕೆ ಬಂದೆ. ಪರದೆ ಮೇಲೆ ಇಂಗ್ಲಿಷ್ ಬಂದರೆ ಹೆಂಡತಿ ಓದಿ ಹೇಳುತ್ತಿದ್ದಳು. ಆಕೆ ಹತ್ತನೇದು ಪಾಸು. ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು, ಒಂದು ಸಹಕಾರಿ ಸಂಘದವರು ಕರೆದರು. ರೋಣ, ನರಗುಂದ, ಗಜೇಂದ್ರಗಡ, ಮೂರೂ ಕಚೇರಿಯ ಕಂಪ್ಯೂಟರು ಒಂದೇ ಡೊಮೇನಿಗೆ ಸೇರಿಸಬೇಕು. ಡೊಮೇನ್ ಅಂದರೆ ಒಟ್ಟಿನ ಮನೆ. ಯಾರು ಯಾವ ಕೋಣೆಗೆ ಹೋಗಬಹುದು ಅಂತ ರೋಣದಲ್ಲಿಟ್ಟ ಸರ್ವರ್ ಯಂತ್ರ ಹೇಳುತ್ತದೆ.

ಅದೆಲ್ಲ ನನಗೆ ಕಷ್ಟವಲ್ಲ. ತೆರೆಯದೇ ಉಳಿದದ್ದು ಒಂದೇ. ಸವಡಿಯ ನನ್ನ ಮನೆಯ ಕಂಪ್ಯೂಟರಿನಲ್ಲಿ ಹೆಂಡತಿ ಪಾಸ್‌ವರ್ಡ್ ಹಾಕಿಟ್ಟು ಹೋದ ಒಂದು ಫೈಲು. ಒಡೆಯುವ ಸಾಫ್ಟ್‌ವೇರ್ ನನ್ನ ಹತ್ತಿರ ಇತ್ತು. ಆಕೆಯದನ್ನು ಒಡೆಯಲು ಕೈ ಬರಲಿಲ್ಲ. ದಿನಾ ಸಂಜೆ ಒಂದೊಂದು ಹೆಸರು ಹೊಡೆದು ನೋಡುತ್ತಿದ್ದೆ.

ನರಗುಂದ: ಹೊಸ ಮನೆ

ಡೊಮೇನಿಗೆ ಸೇರಿದ ಮೇಲೆ ಹಳೆಯ ಪರದೆ ಕಾಣುವುದಿಲ್ಲ. ಹೊಸ ಹೆಸರಿಗೆ ಹೊಸ ಪರದೆ. ಅಲ್ಲಿನ ಮ್ಯಾನೇಜರು ದಿನಾ ಪರದೆಯ ಗಣಪ್ಪನಿಗೆ ಊದಿನಕಡ್ಡಿ ಬೆಳಗಿ ಕೆಲಸ ಶುರು ಮಾಡುವವರು.

"ನನ್ನ ಗಣಪ್ಪ ಎಲ್ಲಿ ಹೋದ?"

"ಹಳೇ ಮನ್ಯಾಗ ಅದಾನ್ರಿ. ಇದು ಹೊಸಾ ಮನಿ. ಹಳೇದರ ಬಾಗಿಲಾ ತಗದು ಕರಕೊಂಡು ಬರ್ತೀನಿ."

"ಹೊಸಾ ಮನೀನಾ?" ಅಂದರು.

ನಾನು ಚಹಾ ಕುಡಿದು ಬರುವಷ್ಟರಲ್ಲಿ ಗೃಹಪ್ರವೇಶ ಮುಗಿದಿತ್ತು. ಕೀಬೋರ್ಡ್ ತುಂಬ ತೆಂಗಿನಕಾಯಿ ನೀರು.

ಗಜೇಂದ್ರಗಡ: ಸಾಹೇಬರು

ಇಲ್ಲಿನ ಸ್ಟೋರ್‌ಕೀಪರಿಗೆ ಎಲ್ಲರೂ ಚಾಚಾ ಅನ್ನುತ್ತಾರೆ. ಅವರು ಪ್ರಿಂಟ್ ಕೊಟ್ಟರೆ ಪರದೆ ಮೇಲೆ ಇಂಗ್ಲಿಷಿನಲ್ಲಿ ಬಂತು: ನಿಮಗೆ ಅನುಮತಿ ಇಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ.

"ಈ ಪ್ರಿಂಟರ್ ಪೆಟ್ಟಿಗಿ ಬಿಚ್ಚಿದಂವ ನಾನು. ಇದು ನನಗ ಪರವಾನಗಿ ಕೇಳತೈತಿ?" ಅಂತ ಗೊಣಗಿ ಕುಳಿತು ಅರ್ಜಿ ಬರೆದರು. 'ಮಾನ್ಯ ಅಡ್ಮಿನಿಸ್ಟ್ರೇಟರ್ ಸಾಹೇಬರಿಗೆ.' ಆಮೇಲೆ ನನ್ನನ್ನೇ ಕೇಳಿದರು.

"ಸಾಹೇಬ್ರು ಯಾವಾಗ ಬರ್ತಾರಪಾ?"

"ಅಂವ ನಾನ, ಚಾಚಾ."

ನನ್ನ ಚಪ್ಪಲಿಯಿಂದ ತಲೆವರೆಗೆ ನೋಡಿದರು. "ಖರೇ ಏನು? ಮುಂಜಾನೆ ನಿನ್ನ ಕಡಿಂದ ಸ್ಟೋರ್‌ರೂಮ್ ಕಸಾ ಹೊಡಿಸಿದ್ನಲ್ಲ."

"ಇರ್ಲಿ ಬಿಡ್ರಿ. ಅನುಮತಿ ಕೊಟ್ಟೀನಿ, ಅರ್ಜಿ ಹರದ ಒಗೀರಿ."

"ಹ್ಯಾಂಗ ಹರೀಲಿ? ಆವಕ ವಹಿಯಾಗ ಏರಿಸಿ ನಂಬರ್ ಬಿದ್ದೈತಿ. ಸಹಿ ಮಾಡು." ತಡೆದು, "ಮಾಡ್ರಿ," ಅಂದರು.

ರೋಣ: ಒಡಪು

ರೋಣದ ಗುಮಾಸ್ತೆ ಅಕ್ಕಾರು ಬಾಣಂತಿ, ರಜೆಯ ಮೇಲಿದ್ದರು. ಅವರು ಪಾಸ್‌ವರ್ಡ್ ಹಾಕಿದ ಫೈಲು ಕಚೇರಿಗೆ ಬೇಕಾಯಿತು. ಫೋನ್ ಮಾಡಿದೆ.

"ಪಾಸ್‌ವರ್ಡ್ ಹೇಳ್ರಿ ಅಕ್ಕಾರ."

"ಅದು ಬಾಯಿಲೆ ಹೇಳೂದಲ್ರಿ."

ಗುಟ್ಟು ಎಷ್ಟು ಚಲೋ ಕಾಯುತ್ತಾರಲ್ಲ ಅಂದುಕೊಂಡೆ. ಗುಟ್ಟಲ್ಲ, ಅದು ಗಂಡನ ಹೆಸರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಅದರೊಳಗೆ ಸೇರಿಸಿ ಹೇಳುತ್ತಾರೆ. ಫೋನಿನಲ್ಲಿ ಸಣ್ಣ ದನಿ ಬಂತು.

"ಬೆಳ್ಳಿ ಬಟ್ಟಲದಾಗ ಬೆಣ್ಣಿ ಇಟ್ಟೀನಿ, ಬಸವರಾಜರ ಹೆಸರ ಹೇಳತೀನಿ, ಬಾಗಿಲಾ ಬಿಡ್ರಿ."

ಬಸವರಾಜ ಅಂತ ಹೊಡೆದೆ. ತೆರೆಯಲಿಲ್ಲ.

"ಕಡೀಕ 'ರು' ಹಚ್ಚೀರೇನು?" ಅಂದರು. "ನೀವು ಏಕವಚನದಾಗ ಕರದರ ಅವರು ಬಾಗಿಲಾ ತಗೀತಾರೇನ್ರಿ?"

ಸವಡಿ: ನಮ್ಮ ಮನೆ

ಅವತ್ತು ಸಂಜೆ ನೇರ ಮನೆಗೆ ಬಂದು ನನ್ನ ಹೆಸರಿಗೂ 'ರು' ಹಚ್ಚಿ ಹೊಡೆದೆ. ಆಗಲಿಲ್ಲ. ನನ್ನ ಹೆಸರು ಆಕೆ ಒಡಪಿನಲ್ಲಿ ಹೇಳಿದ್ದು ಮದುವೆಯಲ್ಲಿ ಒಂದೇ ಸಲ. ಮತ್ತೆ ಕರೆಯುತ್ತಿದ್ದದ್ದು ಹ್ಯಾಂಗ? ಒಳಗಿಂದ ಒಂದೇ ಕೂಗು: "ಕೇಳ್ರಿಲ್ಲೆ." ನಾನು ರೇಡಿಯೋದ ಹೊಟ್ಟೆಯಲ್ಲಿ ತಲೆ ಇಟ್ಟವನು. ಮೂರನೇ ಕೂಗಿಗೆ ಹ್ಞೂಂ ಅನ್ನುತ್ತಿದ್ದೆ.

ಕೇಳ್ರಿಲ್ಲೆ ಅಂತ ಹೊಡೆದೆ. ಒಂದೇ ಸಲಕ್ಕೆ ತೆರೆಯಿತು.

ಒಳಗೆ ಪಟ್ಟಿ ಇತ್ತು. ಪರದೆ ಮೇಲೆ ಬರುವ ಇಂಗ್ಲಿಷ್ ಮಾತುಗಳು, ಎದುರಿಗೆ ಕನ್ನಡ. ದವಾಖಾನಿಗೆ ಹೋಗುವ ಮೊದಲು ನನಗಾಗಿ ಮಾಡಿಟ್ಟದ್ದು.

'ಆ್ಯಕ್ಸೆಸ್ ಡಿನೈಡ್: ಒಳಗ ಬಿಡೂದಿಲ್ಲ ಅಂತೈತಿ. ಸಿಟ್ಟಿಗೇಳಬ್ಯಾಡ್ರಿ. ಉಂಡು ಬಂದು ಮತ್ತ ಕೂಡ್ರಿ.'

ಹೀಗೆ ನಾಲ್ಕು ಪುಟ. ಕೊನೆಯ ಸಾಲಿನವರೆಗೆ ನಿಧಾನ ಓದಿದೆ.

'ನಿಮಗ ಮರವು ಭಾಳ. ಅದಕ್ಕ ಈ ಫೈಲಿನ ಪಾಸ್‌ವರ್ಡ್ ಇಲ್ಲೇ ಬರದಿಟ್ಟೀನಿ. ಮರತರ ಇದನ್ನ ತಗದು ನೋಡಕೋರಿ.'